ಮಸೀದಿಯೊಳಗೊಂದು ಡಾಕ್ ಬಂಗಲೆ

1904ರ ಮಾರ್ಚ್ 18ರಂದು ಕಲ್ಕತ್ತೆಯ ಶಾಸನ ಸಭೆಯಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಮಸೂದೆಯ ಪರವಾಗಿ ಮಾತಾಡಿದ. ಅಧಿಕಾರಕ್ಕೆ ಬಂದ ಐದು ವರ್ಷಗಳಲ್ಲಿ ಯಾವ ಊರಿನ ಯಾವ ಕಟ್ಟಡವನ್ನು ಉಳಿಸಿದೆ ಎಂದು ಒಂದೊಂದಾಗಿ ಹೇಳುತ್ತ ಹೋದವನು ಬಿಜಾಪುರದ ಹೆಸರನ್ನೂ ಎತ್ತಿದ. ಅಲ್ಲಿನ ಒಂದು ಮಸೀದಿಯಿಂದ ಡಾಕ್ ಬಂಗಲೆಯನ್ನೂ, ಇನ್ನೊಂದು ಮಸೀದಿಯಿಂದ ಅಂಚೆ ಕಚೇರಿಯ ಅವಶೇಷಗಳನ್ನೂ ಹೊರಹಾಕಿಸಿದ್ದು ಅವನ ಹೆಮ್ಮೆಯ ಕೆಲಸಗಳಲ್ಲಿ ಒಂದಾಗಿತ್ತು.

ಹೆಮ್ಮೆ ಪಡಲಿ, ಬೇಡವೆನ್ನುವವರು ಯಾರು? ಆದರೆ ಮಸೀದಿಯೊಳಗೆ ಡಾಕ್ ಬಂಗಲೆಯನ್ನು ತಂದಿಟ್ಟವರು ಯಾರು ಎಂಬುದನ್ನು ಮಾತ್ರ ಆತ ಬಿಡಿಸಿ ಹೇಳಲಿಲ್ಲ. ತಂದಿಟ್ಟದ್ದು ಅವನದೇ ಸರ್ಕಾರ.

ಡಾಕ್ ಬಂಗಲೆ ಇದ್ದದ್ದು ಗೋಳಗುಮ್ಮಟದ ಪಡುವಣ ಬದಿಯ ಮಸೀದಿಯಲ್ಲಿ. ಇವತ್ತು ಟಿಕೆಟ್ ತೆಗೆಸಿ ಒಳಗೆ ಹೋಗುವ ಪ್ರವಾಸಿಗರು ಗುಮ್ಮಟದ ಮೆಟ್ಟಿಲು ಹತ್ತುವ ಅವಸರದಲ್ಲಿ ಆ ಕಡೆ ಒಮ್ಮೆ ನೋಡಿ ಮುಂದಕ್ಕೆ ಹೋಗುತ್ತಾರೆ. ನೋಡಲು ಚೊಕ್ಕ, ಸಪೂರ ಮಿನಾರುಗಳ ಸುಂದರ ಕಟ್ಟಡ. ಪಕ್ಕದಲ್ಲಿ ಅಷ್ಟು ದೊಡ್ಡ ಗುಮ್ಮಟ ಇಲ್ಲದಿದ್ದರೆ ಅದನ್ನೇ ನೋಡಲು ಜನ ಬರುತ್ತಿದ್ದರೋ ಏನೋ. ಅಂಚೆ ಕಚೇರಿ ನಡೆದದ್ದು ಊರೊಳಗಿನ ಬುಖಾರಿ ಮಸೀದಿಯಲ್ಲಿ. ಚಾಂದ್ ಬೀಬಿ ಬುಖಾರಿ ಮನೆತನದ ಮೌಲ್ವಿಯೊಬ್ಬರಿಗಾಗಿ ಕಟ್ಟಿಸಿದಳೆಂದು ಪ್ರತೀತಿಯಿರುವ ಮಸೀದಿ ಅದು. ಒಂದು ಕಾಲಕ್ಕೆ ಟಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಂದವರು ಅಂಚೆಯ ಕೆಲಸವೆಂದರೆ ಆ ಮಸೀದಿಯ ಬಾಗಿಲಿಗೇ ಹೋಗಬೇಕಿತ್ತು.

ಇಂಥದ್ದೊಂದು ಏರ್ಪಾಡು ಹೇಗೆ ಬಂತು ಎಂದು ತಿಳಿಯಲು ಕೃಷ್ಣೆಯ ಆಚೆ ದಂಡೆಗೆ ಹೋಗಬೇಕು.

1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಊರು ಇಳಿಜಾರಿಗೆ ಬಿದ್ದಿತ್ತು. ಮುಂದೆ ನಿಜಾಮರು ಬಂದರು, 1760ರಲ್ಲಿ ಪೇಶ್ವೆಯವರು ಬಂದರು. ಮರಾಠರ ಕಾಲದಲ್ಲಿ ಅರಮನೆಗಳ ತೊಲೆ, ಕಂಬ, ಬಾಗಿಲುಗಳೆಲ್ಲ ಕಿತ್ತು ಹೋದವು. ಗಗನ ಮಹಲಿನ ಮುಂದೆ ನಿಂತರೆ ಇವತ್ತಿಗೂ ಅದು ಕಣ್ಣಿಗೆ ಬೀಳುತ್ತದೆ. ಅರುವತ್ತು ಅಡಿ ಅಗಲದ ನಡುಗಮಾನು ನಿಂತಿದೆ, ಅದರ ಹಿಂದಿನ ಮರದ ಅರಮನೆ ಇಲ್ಲ. 1818ರಲ್ಲಿ ಪೇಶ್ವೆಯ ಪತನವಾದಾಗ ಬ್ರಿಟಿಷರು ಈ ಸೀಮೆಯನ್ನು ಸಾತಾರೆಯ ರಾಜನಿಗೆ ಬಿಟ್ಟುಕೊಟ್ಟರು. 1848ರಲ್ಲಿ ಸಾತಾರೆಯ ಗಾದಿಗೆ ವಾರಸುದಾರನಿಲ್ಲವೆಂದು ಸಂಸ್ಥಾನವನ್ನೇ ನುಂಗಿಹಾಕಿದಾಗ ಬಿಜಾಪುರ ಕಂಪನಿಯ ಕೈಗೆ ಬಂತು. ಮೊದಲು ಸಾತಾರೆಗೆ ಸೇರಿದ್ದ ಈ ಭಾಗ 1864ರಲ್ಲಿ ಹೊಸದಾಗಿ ರಚಿಸಿದ ಕಲಾದಗಿ ಜಿಲ್ಲೆಗೆ ಸೇರಿತು. ಹಾಗಾಗಿ ಬಬಲೇಶ್ವರದ ರೈತ ಕಲೆಕ್ಟರ್ ಸಾಹೇಬರನ್ನು ಕಾಣಬೇಕೆಂದರೆ ಕೃಷ್ಣೆ ದಾಟಿ ಘಟಪ್ರಭೆಯ ದಂಡೆಯ ಕಲಾದಗಿಗೆ ಹೋಗಬೇಕಿತ್ತು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಬಿಜಾಪುರದಲ್ಲಿ ಆಗ ಕಂಡದ್ದು ಪಾಳುಗೋಡೆ, ಜಾಲಿ, ಪಾಪಾಸುಕಳ್ಳಿ. ಅದರ ನಡುವೆ ಎಲ್ಲಿಂದ ನೋಡಿದರೂ ಕಾಣುವ ಗುಮ್ಮಟ.

1876ರಿಂದ 78ರ ಮಹಾ ಬರ ಕಲಾದಗಿ ಜಿಲ್ಲೆಯನ್ನು ನುಜ್ಜುಗುಜ್ಜು ಮಾಡಿತು. ಬರದ ಸೀಮೆಗೆ ಧಾನ್ಯ ಸಾಗಿಸಲು ದಾರಿಯೇ ಇರಲಿಲ್ಲವೆಂಬುದು ಆಗ ಸರ್ಕಾರಕ್ಕೆ ತಿಳಿಯಿತು. ಅದರ ಫಲವಾಗಿ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಹಳಿ ಬಂತು. 1884ರಲ್ಲಿ ರೈಲು ಬಿಜಾಪುರಕ್ಕೆ ಮುಟ್ಟಿತು. ಮರುವರ್ಷ, 1885ರಲ್ಲಿ, ಜಿಲ್ಲಾ ಕೇಂದ್ರ ಕಲಾದಗಿಯಿಂದ ಎದ್ದು ಬಿಜಾಪುರಕ್ಕೆ ಬಂದು ಕೂತಿತು. ಕಲಾದಗಿ ಮತ್ತೆ ಮೇಲೇಳಲಿಲ್ಲ. ಬಿಜಾಪುರ ಮಾತ್ರ ಬೆಳೆಯಿತು. 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ 23,811. ಜಿಲ್ಲೆಯ ಹಣೆಬರಹ ಬರೆದದ್ದು ಬರವೂ ರೈಲೂ ಎಂದರೆ ತಪ್ಪಾಗದು. ಆದಿಲ್‌ಶಾಹಿ ಕಟ್ಟಡಗಳ ಹಣೆಬರಹವನ್ನು ಬರೆದದ್ದೂ ಅವೇ.

ಹೊಸ ಜಿಲ್ಲಾ ಕೇಂದ್ರವೆಂದರೆ ಸಾಹೇಬರಿಗೆ ಮನೆ ಬೇಕು, ಕಚೇರಿ ಬೇಕು, ಅಂಚೆ ಬೇಕು, ಬಂದವರಿಗೆ ತಂಗಲು ಬಂಗಲೆ ಬೇಕು. ಎಲ್ಲವನ್ನೂ ಹೊಸದಾಗಿ ಕಟ್ಟಿಸುವುದು ಖರ್ಚಿನ ಬಾಬು. ಊರಿನ ಒಳಕೋಟೆ ಅರ್ಕಿಲ್ಲಾದಲ್ಲಿ ಮೂರಡಿ ದಪ್ಪದ ಗೋಡೆಯ ಮಹಲುಗಳು ಸಾಲುಸಾಲಾಗಿ ನಿಂತಿದ್ದವು, ಮಾಡು ಹಾಕಿ ಬಾಗಿಲು ಹಚ್ಚಿದರೆ ಸಾಕು. ಲೋಕೋಪಯೋಗಿ ಇಲಾಖೆ ಅದನ್ನೇ ಮಾಡಿತು. ಅದಾಲತ್ ಮಹಲು ಕಲೆಕ್ಟರ್ ಸಾಹೇಬರ ವಾಸಕ್ಕೆ ಹೋಯಿತು. ಹೋಯಿತೆನ್ನುವುದಕ್ಕಿಂತ, ಹೆಚ್ಚುಕಡಿಮೆ ಹೊಸದೇ ಆಯಿತು ಎನ್ನಬೇಕು. ಹಳೆಯದರ ಗುರುತು ಸಿಗದಷ್ಟು ಬದಲಾಯಿಸಿದ್ದರು. ಅರಾಶ್ ಮಹಲಿನಲ್ಲಿ ಸಿವಿಲ್ ಸರ್ಜನ್. ಆನಂದ ಮಹಲಿನಲ್ಲಿ ಅಸಿಸ್ಟೆಂಟ್ ಕಲೆಕ್ಟರ್. ಚೀನಿ ಮಹಲಿನಲ್ಲಿ ಕಚೇರಿಗಳು. ಊರಲ್ಲೇ ಅತಿ ವಿಚಿತ್ರವಾದ ಮನೆ ಎಕ್ಸಿಕ್ಯೂಟಿವ್ ಎಂಜಿನಿಯರರಿಗೆ ಸಿಕ್ಕಿತ್ತು: ಜೋಡ ಗುಮ್ಮಟದ ಎರಡು ಗೋರಿಕಟ್ಟಡಗಳಲ್ಲಿ ಒಂದು. ಆದಿಲ್‌ಶಾಹಿ ಸರದಾರ ಖಾನ್ ಮುಹಮ್ಮದನ ಹೆಸರಿನ ಗೋರಿಕಟ್ಟಡದಲ್ಲಿ ಮೇಜು ಹಾಕಿಕೊಂಡು ಊಟ ಮಾಡುತ್ತಿದ್ದ ಎಂಜಿನಿಯರ್ ಸಾಹೇಬರಿಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಕ್ಕಿಲ್ಲ. ಆ ಕಾಲಕ್ಕೆ ಉತ್ತರ ಹಿಂದುಸ್ಥಾನದಲ್ಲೂ ಗೋರಿಗಳನ್ನು ಬಂಗಲೆ ಮಾಡಿಕೊಂಡ ಸಾಹೇಬರು ಕಡಿಮೆಯಿರಲಿಲ್ಲ. ಗುಮ್ಮಟದ ಕೆಳಗೆ ಬೇಸಿಗೆಯಲ್ಲೂ ತಂಪು.

ಡಾಕ್ ಬಂಗಲೆಗೆ ಗುಮ್ಮಟದ ಮಸೀದಿಯನ್ನೇ ಏಕೆ ಆರಿಸಿದರು ಎಂಬುದಕ್ಕೆ ಬಹಳ ಯೋಚಿಸಬೇಕಿಲ್ಲ. ನಿಲ್ದಾಣ ಊರಿನ ಪೂರ್ವಕ್ಕೆ, ಗುಮ್ಮಟದ ಹತ್ತಿರ. ರೈಲು ಇಳಿದವನು ತಲೆಯೆತ್ತಿದರೆ ಕಾಣುವುದೇ ಅದು. ಹೊರಗಿನಿಂದ 44 ಮೀಟರು ವ್ಯಾಸದ ಗುಮ್ಮಟ, ಒಳಗೆ ಒಂದೇ ಒಂದು ಕಂಬವಿಲ್ಲದೆ ಹದಿನೆಂಟು ಸಾವಿರ ಚದರ ಅಡಿಗೂ ಮಿಕ್ಕ ನೆಲ. ಜೇಮ್ಸ್ ಫರ್ಗುಸನ್ ಎಂಬ ವಾಸ್ತು ಇತಿಹಾಸಕಾರ ರೋಮಿನ ಪ್ಯಾಂಥಿಯನ್‌ಗಿಂತ ಇದರ ನೆಲ ಹೆಚ್ಚೆಂದು ಲೆಕ್ಕ ತೋರಿಸಿದ ಮೇಲೆ ಯುರೋಪಿಯನ್ ಪ್ರವಾಸಿಗಳಿಗೆ ಅದನ್ನು ನೋಡದೆ ವಾಪಸು ಹೋಗುವಂತಿರಲಿಲ್ಲ. ನೋಡಬೇಕಾದದ್ದರ ಪಕ್ಕದಲ್ಲೇ ಮಲಗಲು ಜಾಗ. ಮುಹಮ್ಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡು ಆ ಗುಮ್ಮಟದಡಿ ಮಣ್ಣಾದ ಮೇಲೆ ಅವನ ಆತ್ಮಶಾಂತಿಗೆ ನಮಾಜು ಸಲ್ಲಬೇಕಿದ್ದ ಜಾಗದಲ್ಲಿ ಸಾಹೇಬರ ಹಾಸಿಗೆ ಬಿದ್ದವು.

ಇಷ್ಟು ಹೇಳಿ ಬ್ರಿಟಿಷರನ್ನು ಹೀನಾಮಾನ ಬಯ್ದುಬಿಡುವುದು ಸುಲಭ. ಆದರೆ ಇನ್ನೊಂದು ಮುಖವನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಬಿಜಾಪುರವನ್ನು ಇಷ್ಟು ಶ್ರದ್ಧೆಯಿಂದ ಅಳೆದು, ಬರೆದು, ಚಿತ್ರ ತೆಗೆದವರೂ ಅವರೇ. 1855ರ ಹೊತ್ತಿಗೆ ಮುಂಬಯಿ ಸರ್ಕಾರದ ಛಾಯಾಗ್ರಾಹಕ ಥಾಮಸ್ ಬಿಗ್ಸ್ ಇಲ್ಲಿಯೂ ಬಾದಾಮಿ ಐಹೊಳೆಗಳಲ್ಲಿಯೂ ಕ್ಯಾಮೆರಾ ಹಿಡಿದು ಅಲೆದ. ಕ್ಯಾಪ್ಟನ್ ಹಾರ್ಟ್ ಮತ್ತು ಅವನ ಕೈಕೆಳಗಿನ ದೇಶಿ ನಕ್ಷೆಗಾರರು ಒಂದೊಂದು ಕಮಾನನ್ನೂ ಕಾಗದಕ್ಕಿಳಿಸಿದರು. ಆ ನಕ್ಷೆಗಾರರಲ್ಲಿ ಒಬ್ಬರ ಹೆಸರೂ ನಮ್ಮ ಬಾಯಲ್ಲಿ ಉಳಿದಿಲ್ಲ. 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗಾತ್ರದ ಪುಸ್ತಕವೇ ಬಂತು. ವಾಸ್ತುವಿನ ಟಿಪ್ಪಣಿ ಫರ್ಗುಸನ್ನನದು, ಇತಿಹಾಸದ ಭಾಗ ಮೆಡೋಸ್ ಟೇಲರನದು. ಟೇಲರ್ ನಮಗೆ ಹೊರಗಿನವನಲ್ಲ; ಸುರಪುರದಲ್ಲಿ ಪೊಲಿಟಿಕಲ್ ಏಜೆಂಟನಾಗಿ ಒಂದು ದಶಕ ಕಳೆದವನು, ಚಾಂದ್ ಬೀಬಿಯ ಮೇಲೆ ಕಾದಂಬರಿ ಬರೆದವನು. ಆಮೇಲೆ ಜೇಮ್ಸ್ ಬರ್ಜೆಸ್, ಅವನ ನಂತರ ಹೆನ್ರಿ ಕಸಿನ್ಸ್. ಕಸಿನ್ಸ್ ಬಿಜಾಪುರಕ್ಕಾಗಿ ಸವೆಸಿದ ವರ್ಷಗಳ ಫಲ 1916ರಲ್ಲಿ ಪುಸ್ತಕವಾಗಿ ಬಂತು. ಅದಾಗಿ ನೂರು ವರ್ಷ ದಾಟಿದರೂ ಈ ಊರಿನ ಕಟ್ಟಡಗಳ ಬಗ್ಗೆ ಬರೆಯುವವರೆಲ್ಲ ಅದರ ಬಾಗಿಲು ಬಡಿಯಲೇಬೇಕು. ಈ ಲೇಖನವೂ ಅದಕ್ಕೆ ಹೊರತಲ್ಲ.

ಒಂದೇ ಸರ್ಕಾರದ ಒಂದು ಕೈ ಕಟ್ಟಡವನ್ನು ಅಳೆಯುತ್ತಿತ್ತು, ಇನ್ನೊಂದು ಕೈ ಅದೇ ಕಟ್ಟಡಕ್ಕೆ ಸುಣ್ಣ ಬಳಿದು ಕಿಟಕಿ ಕೊರೆಯುತ್ತಿತ್ತು. ಎರಡು ಕೈಗಳಿಗೂ ಒಂದಕ್ಕೊಂದರ ಪರಿಚಯವಿದ್ದಂತೆ ಕಾಣುವುದಿಲ್ಲ.

ಮುಲುಕ ಮೈದಾನ ತೋಪಿನ ಕಥೆ ಕೇಳಿ. 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಎರಕಗಾರ ಎರಕ ಹೊಯ್ದದ್ದು. ತೂಕ 55 ಟನ್ ಎಂದು ಅಂದಾಜು, ಬಾಯಿ ಎಷ್ಟು ಅಗಲವೆಂದರೆ ದೊಡ್ಡ ಆಳು ಒಳಗೆ ತೂರಿ ಕೂರಬಹುದು. ಬಾಯಿಯ ಸುತ್ತ ಸಿಂಹ ಆನೆಯನ್ನು ನುಂಗುತ್ತಿರುವ ಚಿತ್ರ. 1823ರಲ್ಲಿ ಮುಂಬಯಿ ಸರ್ಕಾರಕ್ಕೆ ಇದನ್ನು ಇಂಗ್ಲೆಂಡಿನ ರಾಜನಿಗೆ ಉಡುಗೊರೆಯಾಗಿ ಕಳಿಸುವ ಆಸೆ ಹುಟ್ಟಿತು. ನೋಡಿಬರಲು ಎಂಜಿನಿಯರನೊಬ್ಬ ಬಂದ. ನಮ್ಮ ಕಡೆಯ ರಸ್ತೆಗಳು ಅವತ್ತು ಇದ್ದ ಸ್ಥಿತಿಯಲ್ಲಿ 55 ಟನ್ನನ್ನು ಕಡಲ ತೀರಕ್ಕೆ ಎಳೆಯುವುದು ಆಗದ ಮಾತೆಂದು ಯೋಜನೆ ಬಿದ್ದುಹೋಯಿತು. ಕೆಟ್ಟ ರಸ್ತೆಯಿಂದ ಬಿಜಾಪುರಕ್ಕೆ ಆದ ಲಾಭ ಇದೊಂದೇ ಇರಬೇಕು. 1854ರಲ್ಲಿ ಅದೇ ತೋಪು ಸರ್ಕಾರದ ಲೆಕ್ಕದಲ್ಲಿ ಬೇಡವಾದ ಹಳೇ ಸಾಮಾನಾಯಿತು. ಹರಾಜು ಕೂಗಿದರು. ಅತಿ ಹೆಚ್ಚಿನ ಸವಾಲು 150 ರೂಪಾಯಿ. ಅಷ್ಟು ಕಡಿಮೆಗೆ ಕೊಡುವುದು ಬೇಡವೆಂದು ಕೊನೆಗೆ ಹರಾಜು ರದ್ದಾಯಿತು. ರಾಜನಿಗೆ ತಕ್ಕ ಉಡುಗೊರೆಯಾಗಿದ್ದದ್ದು ಮೂವತ್ತೊಂದು ವರ್ಷಗಳಲ್ಲಿ ಗುಜರಿಯಾಗಿ, ಮತ್ತೆ ಅರ್ಧ ಶತಮಾನದಲ್ಲಿ ಸ್ಮಾರಕವಾದದ್ದು ಹೀಗೆ. ತೋಪು ಮಾತ್ರ ಶೇರ್ಜಾ ಬುರುಜಿನ ಮೇಲೆ ಇದ್ದಲ್ಲೇ ಇತ್ತು.

ತೋಪು ಹೋಗಲಿಲ್ಲ, ಪುಸ್ತಕಗಳು ಹೋದವು. ಕೋಟೆಯ ಕಂದಕದ ಪಕ್ಕದಲ್ಲಿರುವ ಆಸಾರ್ ಮಹಲ್ 1646ರ ಸುಮಾರಿಗೆ ನ್ಯಾಯದ ಕಟ್ಟೆಯಾಗಿ ಎದ್ದದ್ದು, ಪ್ರವಾದಿಯವರ ಪವಿತ್ರ ಅವಶೇಷಗಳನ್ನು ಇಟ್ಟ ಮೇಲೆ ಭಕ್ತಿಯ ಸ್ಥಳವಾಯಿತು. ಆದಿಲ್‌ಶಾಹಿಗಳ ಗ್ರಂಥಭಂಡಾರದ ಉಳಿದ ಭಾಗ ಅಲ್ಲಿತ್ತು. ಔರಂಗಜೇಬ ಗಾಡಿಗಟ್ಟಲೆ ಹೊತ್ತೊಯ್ದ ಮೇಲೆ ಮಿಕ್ಕ ಅರಬ್ಬಿ, ಫಾರಸಿ ಹಸ್ತಪ್ರತಿಗಳವು. 1853ರಲ್ಲಿ ಅವು ಲಂಡನ್ನಿಗೆ, ಕಂಪನಿಯ ಗ್ರಂಥಾಲಯಕ್ಕೆ ಸೇರಿದವು. ಗೆದ್ದಲಿಗೆ ಬಲಿಯಾಗುವುದಕ್ಕಿಂತ ಅದು ಮೇಲು ಎನ್ನುವವರಿದ್ದಾರೆ; ಆ ವಾದವನ್ನು ತಳ್ಳಿಹಾಕಲು ನನಗೂ ಆಗುವುದಿಲ್ಲ. ಆದರೆ ಬಿಜಾಪುರದ ವಿದ್ಯಾರ್ಥಿ ತನ್ನೂರಿನ ಪುಸ್ತಕ ನೋಡಲು ವೀಸಾ ತೆಗೆಸಬೇಕು ಎಂಬುದೂ ನಿಜ. ಆಸಾರ್ ಮಹಲಿನ ಹದಿನೇಳನೆಯ ಶತಮಾನದ ರತ್ನಗಂಬಳಿಗಳು ಅಷ್ಟು ದೂರ ಹೋಗದೆ ಗೋಳಗುಮ್ಮಟದ ನಗಾರಖಾನೆಯ ಮ್ಯೂಸಿಯಮ್ಮಿನಲ್ಲಿ ನಿಂತವು. ಆ ಮ್ಯೂಸಿಯಂ ಕೂಡ 1892ರಲ್ಲಿ ಜಿಲ್ಲಾ ಸಂಗ್ರಹಾಲಯವಾಗಿ ಶುರುವಾದದ್ದು. ಪುರಾತತ್ವ ಇಲಾಖೆ ಅದನ್ನು ವಹಿಸಿಕೊಂಡದ್ದು 1982ರಲ್ಲಿ.

ಇಲ್ಲಿ ಒಂದು ಅಡ್ಡಮಾತು. ಕರ್ಜನ್ನನ ಕಾಯಿದೆ ಬಂದ 1904ರ ಆಸುಪಾಸಿನಲ್ಲೇ ಧಾರವಾಡದ ಯುವ ವಕೀಲರೊಬ್ಬರು ಬಿಜಾಪುರಕ್ಕೆ ಬಂದು ವಕೀಲಿ ಹಿಡಿದರು. ಫ.ಗು. ಹಳಕಟ್ಟಿ. ಕೋರ್ಟಿನ ಕೆಲಸ ಮುಗಿಸಿ ಊರೂರು ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದು, ಮುಂದೆ ಸ್ವಂತ ಹಿತಚಿಂತಕ ಮುದ್ರಣಾಲಯ ಹಾಕಿ ಸಾಲದಲ್ಲಿ ಮುಳುಗಿದವರು. ಒಂದೇ ಊರಿನಲ್ಲಿ, ಒಂದೇ ತಲೆಮಾರಿನಲ್ಲಿ, ಎರಡು ಥರದ ಉಳಿಸುವ ಕೆಲಸ ನಡೆಯಿತು. ಒಂದಕ್ಕೆ ವೈಸರಾಯಿಯ ಭಾಷಣ, ಕಾಯಿದೆ, ಬಜೆಟ್ಟು. ಇನ್ನೊಂದಕ್ಕೆ ಮನೆಯ ಖರ್ಚಿನ ದುಡ್ಡು. ನಮ್ಮ ಪ್ರವಾಸೋದ್ಯಮದ ಪುಸ್ತಿಕೆಗಳಲ್ಲಿ ಮೊದಲನೆಯದೇ ತುಂಬಿರುತ್ತದೆ. ಅಡ್ಡಮಾತು ಮುಗಿಯಿತು.

ಕರ್ಜನ್ ಬಿಜಾಪುರಕ್ಕೆ ಬಂದದ್ದು 1900ರಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹಳೆಯ ಕಟ್ಟಡಗಳ ವಿಷಯವಾಗಿ ದೊಡ್ಡ ಭಾಷಣ ಮಾಡಿದ್ದ. ಅಹಮದಾಬಾದಿನ ಸಿದಿ ಸೈಯದ್ ಮಸೀದಿಯಲ್ಲಿ ತಹಶೀಲ್ದಾರ ಕಚೇರಿ ನಡೆಯುತ್ತಿರುವುದರಂಥ ಉದಾಹರಣೆಗಳನ್ನು ಎತ್ತಿ ಹೇಳಿ, ಯಾವ ಧರ್ಮದ ಕಟ್ಟಡವಾದರೂ ಸರಿ, ಉಳಿಸುವುದು ಸರ್ಕಾರದ ಹೊಣೆ ಎಂದಿದ್ದ. ಬಿಜಾಪುರದಲ್ಲಿ ಕಣ್ಣಾರೆ ಕಂಡ ಮೇಲೆ ಹುಕುಂ ಹೊರಟಿತು. ಬಂಗಲೆ ಮಸೀದಿ ಬಿಟ್ಟಿತು. ಅಂಚೆಯ ಗುರುತುಗಳೂ ತೊಲಗಿದವು. 1902ರಲ್ಲಿ ಜಾನ್ ಮಾರ್ಷಲ್ ಪುರಾತತ್ವ ಇಲಾಖೆಯ ಮಹಾನಿರ್ದೇಶಕನಾಗಿ ಬಂದ. 1904ರ ಏಳನೆಯ ಕಾಯಿದೆ 'ಸಂರಕ್ಷಿತ ಸ್ಮಾರಕ'ವೆಂಬ ಹೊಸ ಜಾತಿಯೊಂದನ್ನು ಹುಟ್ಟಿಸಿತು.

ಆದರೆ ಒಂದು ಸಂಗತಿ ಗಮನಿಸಿ. ಕರ್ಜನ್ ಖಾಲಿ ಮಾಡಿಸಿದ್ದು ಮಸೀದಿಗಳನ್ನು. ಅದಾಲತ್ ಮಹಲಿನ ಕಲೆಕ್ಟರ್ ಗಂಟುಮೂಟೆ ಕಟ್ಟಲಿಲ್ಲ. ಅರಾಶ್ ಮಹಲಿನಿಂದ ಸಿವಿಲ್ ಸರ್ಜನ್ನರನ್ನು ಯಾರೂ ಎಬ್ಬಿಸಲಿಲ್ಲ. ರಾತ್ರಿ ತಂಗಿ ಹೋಗುವ ಪ್ರವಾಸಿಯನ್ನು ಹೊರಹಾಕುವುದು ಸುಲಭ, ಜಿಲ್ಲೆಯ ದೊರೆಯನ್ನು ಹೊರಹಾಕುವುದು ಯಾವ ವೈಸರಾಯಿಗೂ ತ್ರಾಸು. ಗೌರವ ಎಂಬುದು ದೇವರ ಮನೆಗೆ ಸಂದಿತು, ಸುಲ್ತಾನನ ಮನೆಗೆ ಸಲ್ಲಲಿಲ್ಲ. ಹಳೆಯ ಸುಲ್ತಾನನ ಮನೆಯಲ್ಲಿ ಹೊಸ ಸುಲ್ತಾನ ಕೂತಿದ್ದನಲ್ಲ, ಅದರಲ್ಲಿ ತಪ್ಪೇನಿದೆ ಎಂಬ ಭಾವನೆಯೂ ಇದ್ದಿರಬೇಕು. ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಒಗ್ಗದ ಕೆಲಸಕ್ಕೆ ಬಳಸಬಾರದೆಂದು 1904ರ ಕಾಯಿದೆಯಲ್ಲೇ ಬರೆದರು. ಅರಮನೆಗಳಿಗೆ ಅಂಥ ಕಾವಲು ಸಿಗಲಿಲ್ಲ.

ಇನ್ನು, ಖಾಲಿಯಾದ ಮೇಲೆ ಏನಾಯಿತು? ಇಲ್ಲೇ ನನ್ನ ತಕರಾರು ಇರುವುದು. ಕರ್ಜನ್ನನ ಕಾಲದ ಉಳಿಸುವಿಕೆ ಎಂದರೆ ಕಟ್ಟಡವನ್ನು ಅದು ಕಟ್ಟಿದ ದಿನದ ರೂಪಕ್ಕೆ ಒಯ್ಯುವುದು, ಸುತ್ತ ಹುಲ್ಲುಹಾಸು ಹಾಕುವುದು, ಬೇಲಿ ಹಾಕುವುದು. ನಡುವಿನ ಇನ್ನೂರು ಮುನ್ನೂರು ವರ್ಷಗಳಲ್ಲಿ ಆ ಕಟ್ಟಡದ ಮೇಲೆ ಹಾದುಹೋದದ್ದೆಲ್ಲ ಕೊಳೆ, ತೊಳೆದರೆ ಚೊಕ್ಕ. ಡಾಕ್ ಬಂಗಲೆಯ ಮರದ ತಡಿಕೆಗಳ ಜೊತೆಗೇ ಅದು ಡಾಕ್ ಬಂಗಲೆಯಾಗಿತ್ತು ಎಂಬ ನೆನಪೂ ಹೊರಬಿತ್ತು. ಇವತ್ತು ಗೋಳಗುಮ್ಮಟದ ಸುತ್ತ ಕಾಣುವ ಹಸಿರು ಹಾಸು, ಅಂದದ ದಾರಿಗಳು ಆದಿಲ್‌ಶಾಹಿ ಬಿಜಾಪುರದವಲ್ಲ. ಆ ನೋಟ ಇಪ್ಪತ್ತನೆಯ ಶತಮಾನದ್ದು, ಇಂಗ್ಲಿಷ್ ಉದ್ಯಾನದ ರುಚಿಯದು. ನಾವು ಅದನ್ನೇ ಇತಿಹಾಸವೆಂದು ತಿಳಿದು ಫೋಟೋ ತೆಗೆಸಿಕೊಳ್ಳುತ್ತೇವೆ.

ಈ ಊರಿಗೆ ಕಟ್ಟಡದ ಮೇಲೆ ಕಟ್ಟಡ, ಬಳಕೆಯ ಮೇಲೆ ಬಳಕೆ ಹೊಸದೇನಲ್ಲ. ಅರ್ಕಿಲ್ಲಾದ ಕರೀಮುದ್ದೀನ್ ಮಸೀದಿಗೆ ಹೋಗಿ ನೋಡಿ. 1320ರ ಶಾಸನವಿರುವ ಆ ಮಸೀದಿಯ ಕಂಬಗಳು ದೇವಸ್ಥಾನಗಳವು. ಕಟ್ಟಿದವನು ಸಾಲೋಟಗಿಯ ಬಡಿಗ ರೇವಯ್ಯನೆಂದು ಶಾಸನ ಹೇಳುತ್ತದೆ. ಅದೇ ಒಳಕೋಟೆಯಲ್ಲಿ ನರಸಿಂಹ ದೇವಸ್ಥಾನವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಅಲ್ಲಿಗೆ ನಡೆದುಕೊಳ್ಳುತ್ತಿದ್ದನೆಂದು ಊರವರು ಇವತ್ತಿಗೂ ಹೇಳುತ್ತಾರೆ. ಜಾಮಿಯಾ ಮಸೀದಿಯಲ್ಲಿ ನಮಾಜು ನಿಂತಿಲ್ಲ. ಒಂದೊಂದು ತಲೆಗೆ ಒಂದೊಂದು ಮನೆಯಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ನೆಲದ ಮೇಲೆ ಬರೆದದ್ದು ಔರಂಗಜೇಬನ ಕಾಲದಲ್ಲೆಂದು ಹೇಳಿಕೆ. ಗೆದ್ದವನು ಬರೆದ ಆ ಚೌಕಗಳನ್ನು ಯಾವ ಸಂರಕ್ಷಕನೂ ಉಜ್ಜಿ ಅಳಿಸಲಿಲ್ಲ. ಸೋತವನ ಮಸೀದಿಯಲ್ಲಿ ಗೆದ್ದವನ ಗುರುತು ಉಳಿಯಬಹುದಾದರೆ, ಬ್ರಿಟಿಷರ ಗುರುತಿನ ಒಂದು ತುಣುಕನ್ನಾದರೂ ಉಳಿಸಬಹುದಿತ್ತಲ್ಲ.

ಅದು ಹೇಗಿರುತ್ತಿತ್ತು ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ದಕ್ಷಿಣ ಕೊರಿಯಾದ ಪಡುಗಡಲ ಬಂದರು ಗುನ್ಸಾನ್. ಕೊರಿಯಾ ಜಪಾನಿನ ವಸಾಹತಾಗಿದ್ದಾಗ ಅಲ್ಲಿನ ಬಯಲಿನ ಅಕ್ಕಿಯೆಲ್ಲ ಆ ಬಂದರಿನಿಂದ ಜಪಾನಿಗೆ ಸಾಗುತ್ತಿತ್ತು. 1909ರಲ್ಲಿ ಸೋಟೊ ಪಂಥದ ಜಪಾನಿ ಭಿಕ್ಷುವೊಬ್ಬ ಅಲ್ಲಿ ಬೌದ್ಧ ದೇವಾಲಯ ಆರಂಭಿಸಿದ. 1913ರಲ್ಲಿ ಮುಖ್ಯ ಮಂದಿರ ಎದ್ದಿತು, ಕಡಿದಾದ ಚಾವಣಿಯ, ಬಣ್ಣವಿಲ್ಲದ ಅಪ್ಪಟ ಜಪಾನಿ ಕಟ್ಟಡ. 1945ರಲ್ಲಿ ಜಪಾನಿಗಳು ಹೋದರು. ಕೊರಿಯನ್ನರು ಆ ಗುಡಿಯನ್ನು ಕೆಡವಲಿಲ್ಲ. ದೊಂಗುಕ್ಸಾ ಎಂಬ ಹೆಸರಿನಲ್ಲಿ ಕೊರಿಯದ ಭಿಕ್ಷುಗಳೇ ಅಲ್ಲಿ ಪೂಜೆ ಮುಂದುವರಿಸಿದರು. 2003ರಲ್ಲಿ ಅದು ಸರ್ಕಾರದ ಪರಂಪರೆಯ ಪಟ್ಟಿಗೂ ಸೇರಿತು. 2012ರಲ್ಲಿ ಜಪಾನಿನ ಸೋಟೊ ಪಂಥದ ಭಿಕ್ಷುಗಳೇ ಬಂದು, ವಸಾಹತುಶಾಹಿಗೆ ತಮ್ಮ ಪಂಥ ಕೈಜೋಡಿಸಿದ್ದಕ್ಕೆ ಕ್ಷಮೆ ಕೋರುವ ಕಲ್ಲನ್ನು ಅದೇ ಅಂಗಳದಲ್ಲಿ ನಿಲ್ಲಿಸಿದರು. ಅದೇ ಕೊರಿಯನ್ನರು ಸೋಲ್ ನಗರದಲ್ಲಿದ್ದ ಜಪಾನಿ ಗವರ್ನರ್ ಜನರಲ್ಲನ ಭಾರಿ ಕಟ್ಟಡವನ್ನು 1990ರ ದಶಕದಲ್ಲಿ ಕೆಡವಿಹಾಕಿದರು. ಕೆಡವಿದ್ದೂ ಉಳಿಸಿದ್ದೂ ಎರಡೂ ಗೊತ್ತಿದ್ದೇ ಮಾಡಿದ್ದು; ವರ್ಷಗಟ್ಟಲೆ ಜಗಳವಾಡಿ ಮಾಡಿದ್ದು. ನಮ್ಮಲ್ಲಿ ಆ ಜಗಳವೇ ಆಗಲಿಲ್ಲ. ನಮ್ಮ ಪರವಾಗಿ ತೀರ್ಮಾನವನ್ನು ಕರ್ಜನ್ ಮಾಡಿಬಿಟ್ಟಿದ್ದ.

ಮತ್ತೆ ಬಿಜಾಪುರಕ್ಕೆ ಬಂದರೆ, ರೈಲು ನಿಲ್ದಾಣಕ್ಕೆ ಹತ್ತಿರವಿದ್ದದ್ದು ಮೊದಲು ಕೆಟ್ಟಿತು, ಮೊದಲು ದುರಸ್ತಿಯೂ ಆಯಿತು ಎಂದು ನನಗೆ ಅನ್ನಿಸುತ್ತದೆ. ದೂರವಿದ್ದದ್ದಕ್ಕೆ ಎರಡೂ ಇಲ್ಲ. ಟಿಕೋಟಾ ರಸ್ತೆಯಲ್ಲಿ ತೊರವಿಯ ಹತ್ತಿರ ಇಬ್ರಾಹಿಮನ ನವರಸಪುರದ ಅವಶೇಷಗಳಿವೆ. 1599ರಲ್ಲಿ ಅವನು ಹೊಸ ರಾಜಧಾನಿ ಕಟ್ಟಲು ಹೊರಟ ಜಾಗ. 1624ರಲ್ಲಿ ಮಲಿಕ್ ಅಂಬರ್ ಬಂದು ಸೂರೆ ಮಾಡಿದ ಮೇಲೆ ಪಾಳುಬಿತ್ತು. ಅಲ್ಲಿನ ಸಂಗೀತ ಮಹಲು ನೋಡಲು ಥೇಟು ಗಗನ ಮಹಲು. ಅದರೊಳಗೆ ಯಾವ ಸಾಹೇಬನೂ ಸಂಸಾರ ಹೂಡಲಿಲ್ಲ. ಯಾವ ವೈಸರಾಯಿಯೂ ಅಲ್ಲಿಂದ ಯಾರನ್ನೂ ಎಬ್ಬಿಸಬೇಕಾಗಲಿಲ್ಲ. ಊರಿಗೆ ನೀರು ತರುತ್ತಿದ್ದ ತೊರವಿಯ ಸುರಂಗ ಬಾವಡಿಯ ಕಥೆಯೂ ಅದೇ. ಒಣದ್ರಾಕ್ಷಿಯ ಚೀಲ ಹೇರಿಕೊಂಡು ಟಿಕೋಟಾ ಕಡೆಯಿಂದ ಬರುವ ಗಾಡಿಗಳು ಇವುಗಳ ಪಕ್ಕದಲ್ಲೇ ಹಾದುಹೋಗುತ್ತವೆ. ನಿಲ್ಲುವವರು ಕಡಿಮೆ.

ಸ್ವಾತಂತ್ರ್ಯ ಬಂದ ಮೇಲೆ ಕಾಯಿದೆ 1958ರಲ್ಲಿ ಹೊಸ ರೂಪ ಪಡೆಯಿತು, 2010ರಲ್ಲಿ ಬಿಗಿಯಾಯಿತು. ಸ್ಮಾರಕದ ಸುತ್ತ ನೂರು ಮೀಟರು ನಿಷೇಧ, ಆಮೇಲಿನ ಇನ್ನೂರು ಮೀಟರು ನಿಯಂತ್ರಣ. ಊರು ದೊಡ್ಡದಿದ್ದು ಸ್ಮಾರಕ ಒಂದೋ ಎರಡೋ ಇದ್ದರೆ ಇದು ನಡೆಯುತ್ತದೆ. ಇವತ್ತು ವಿಜಯಪುರವೆನಿಸಿದ ಬಿಜಾಪುರದಲ್ಲಿ ಕೈ ಬೀಸಿದರೆ ಗೋರಿ, ಮಸೀದಿ, ಬಾವಡಿ. ಹಳೇ ಊರಿನಲ್ಲಿ ಒಂದರ ನೂರು ಮೀಟರು ಮುಗಿಯುವುದರೊಳಗೆ ಇನ್ನೊಂದರದು ಶುರು. "ಮುತ್ಯಾ ಕಟ್ಟಿದ ಮನಿ ಸೋರಾಕತ್ತೈತಿ, ಮ್ಯಾಲ್ಮುದ್ದಿ ತಗದು ಸ್ಲ್ಯಾಬ್ ಹಾಕ್ಸೂಣ ಅಂದ್ರ ದಿಲ್ಲಿ ಪರ್ಮಿಶನ್ ಬೇಕಂತ್ರಿ" ಎಂಬ ಮಾತು ಅಲ್ಲಿನ ಕಟ್ಟೆಗಳ ಮೇಲೆ ಯಾವಾಗಲೂ ಕೇಳುತ್ತದೆ. ಕಲೆಕ್ಟರನಿಗೆ ಅರಮನೆಯನ್ನೇ ಮನೆ ಮಾಡಿಕೊಳ್ಳಲು ಅಡ್ಡಿಯಿರಲಿಲ್ಲ. ಅರಮನೆಯ ಪಕ್ಕದ ಬಡವನಿಗೆ ತನ್ನ ಮನೆಯ ಮಾಳಿಗೆ ಬದಲಾಯಿಸಲು ಅಡ್ಡಿಯಿದೆ. ಕಾಯಿದೆ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಈ ಹೊತ್ತಿಗೆ ಬಾರಾ ಕಮಾನಿನ ಕಲ್ಲುಗಳು ಯಾರ ಯಾರ ಅಡಿಪಾಯದಲ್ಲಿರುತ್ತಿದ್ದವೋ. ಆದರೆ ಸ್ಮಾರಕವೆಂದರೆ ಜನರಿಂದ ಬಿಡಿಸಿ ಬೇಲಿಯೊಳಗೆ ನಿಲ್ಲಿಸಬೇಕಾದ ವಸ್ತು ಎಂಬ ಎಣಿಕೆ ಎಲ್ಲಿಂದ ಬಂತೆಂದು ತಿಳಿದಿದ್ದರೆ, ಅದನ್ನು ತಿದ್ದುವುದು ಹೇಗೆಂದಾದರೂ ಹೊಳೆಯಬಹುದು.

2014ರಲ್ಲಿ ದಖನ್ನಿನ ಸುಲ್ತಾನರ ಕೋಟೆಗಳು ಮತ್ತು ಸ್ಮಾರಕಗಳು ಎಂಬ ಹೆಸರಿನಲ್ಲಿ ಬೀದರ, ಕಲಬುರಗಿಗಳ ಜೊತೆಗೆ ವಿಜಯಪುರವೂ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರಿನ ಹೆಸರು ಅಧಿಕೃತವಾಗಿ ವಿಜಯಪುರವಾದದ್ದೂ ಅದೇ ವರ್ಷದ ನವೆಂಬರ್ 1ರಂದು. ಅಂತಿಮ ಪಟ್ಟಿಗೆ ಹೋಗಬೇಕಾದರೆ ಪ್ರತಿ ಕಟ್ಟಡದ ಇತಿಹಾಸವನ್ನು, ಆದ ಬದಲಾವಣೆಗಳನ್ನು ಬರೆದು ಒಪ್ಪಿಸಬೇಕು. ಹೇಗೂ ಬರೆಯುತ್ತೀರಿ, ಆ ಮಸೀದಿಯ ಮುಂದಿನ ಫಲಕದಲ್ಲೂ ಎರಡು ಸಾಲು ಸೇರಿಸಿ ಎಂಬುದಷ್ಟೇ ನನ್ನ ಬೇಡಿಕೆ: ಇಲ್ಲಿ ಡಾಕ್ ಬಂಗಲೆ ಇತ್ತು, ಕರ್ಜನ್ ಬಂದು ಹೋದ ಮೇಲೆ ತೆಗೆಸಿದರು. ಬುಖಾರಿ ಮಸೀದಿಯ ಮುಂದೆ ಅಂಚೆಯ ಬಗ್ಗೆ ಒಂದು ಸಾಲು, ಜೋಡ ಗುಮ್ಮಟದ ಮುಂದೆ ಎಂಜಿನಿಯರ್ ಸಾಹೇಬರ ಬಗ್ಗೆ ಇನ್ನೊಂದು. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಬಬಲೇಶ್ವರದ ಸಾಲಿ ಮಕ್ಕಳು ಪ್ರವಾಸಕ್ಕೆ ಬಂದಾಗ ಗುಮ್ಮಟದ ಮೇಲೆ ಕೂಗಿ ಏಳು ಸಲ ಪ್ರತಿಧ್ವನಿ ಕೇಳಿ ಇಳಿದ ಮೇಲೆ, ಮಾಸ್ತರರಿಗೆ ಓದಿ ಹೇಳಲು ಅಷ್ಟಾದರೂ ಇರುತ್ತದೆ.